ಬೀದಿಗೆ ಮುಖ ಮಾಡಿದ ನೀಲಿ ಗೋಡೆ

ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ನಮ್ಮ ಮೈದುನನ ಮಗಳು ಊಟವಾದ ಮೇಲೆ ಮೊಬೈಲು ಹಿಡಿದು ನನ್ನ ಪಕ್ಕ ಬಂದು ಕುಳಿತಳು. ದೆಹಲಿಯ ಲೋಧಿ ಕಾಲೊನಿಯಲ್ಲಿ ಸರಕಾರಿ ಮನೆಗಳ ಗೋಡೆಗಳ ಮೇಲೆ ಆಳೆತ್ತರದ ಚಿತ್ರ ಬರೆದಿದ್ದಾರೆ, 2015-16ರಿಂದ ಶುರುವಾದದ್ದು ಎಂದು ತೋರಿಸಿದಳು. “ದೊಡ್ಡವ್ವ, ಇಲ್ಲಿ ಟಿಕೀಟಿಲ್ಲ, ಬಾಗಿಲಿಲ್ಲ. ಕಾಯಿಪಲ್ಯ ತರಲಿಕ್ಕೆ ಹೋದವರೂ ನೋಡಿಕೋತ ಹೋಗಬಹುದು. ನಿಮ್ಮ ಔರಾದದಾಗ ಇಂಥಾದ್ದು ಏನದ?”

ಔರಾದದಾಗ ಇಲ್ಲ, ಖರೆ. ಜಾತ್ರೆ ಬಂತೆಂದರೆ ಮನೆಗೆ ಸುಣ್ಣ ಹೊಡೆಸುತ್ತೇವೆ, ಅಷ್ಟೇ ನಮ್ಮ ಗೋಡೆಯ ಸಿಂಗಾರ. ಆದರೆ ನನ್ನ ತವರು ಬೀದರದ ಹಳೇ ಪೇಟೆ. ಅಲ್ಲಿ ಬೀದಿಗೆ ಮುಖ ಮಾಡಿದ ಒಂದು ಗೋಡೆ 550 ವರ್ಷದಿಂದ ಬಣ್ಣ ಹೊತ್ತು ನಿಂತಿದೆ. ಅದರ ಜೊತೆಗೆ ನನ್ನ ಟ್ರಂಕಿನ ತಳದಲ್ಲಿದ್ದ ಒಂದು ಚೂರೂ ನೆನಪಾಯಿತು. ಅದರ ಮಾತು ಆಮೇಲೆ.

ಮರುದಿನ ನಸುಕಿನಲ್ಲೇ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಭಾಲ್ಕಿಯಿಂದ ನನ್ನ ತಂಗಿ ರೈಲಿನಲ್ಲಿ ಬಂದು ಕೂಡಿದಳು. ಚೌಬಾರದ ದುಂಡು ಗೋಪುರದಿಂದ ಕೋಟೆಯ ಕಡೆ ನಡೆದರೆ ಹಾದಿಯಲ್ಲೇ ಸಿಗುತ್ತದೆ ಮಹಮೂದ್ ಗವಾನನ ಮದರಸಾ. ಕಟ್ಟಡ ಪೂರ್ವಕ್ಕೆ ಮುಖ ಮಾಡಿದೆ. ಅದಕ್ಕೇ ಹೇಳುತ್ತೇನೆ, ನೀವು ಹೋದರೆ ಬೆಳಿಗ್ಗೆಯೇ ಹೋಗಿರಿ. ಎಳೆ ಬಿಸಿಲು ಬಿದ್ದಾಗ ಆ ನೀಲಿ ಮಿಂಚುವ ಪರಿ ಮಧ್ಯಾಹ್ನ ಕಾಣಸಿಗುವುದಿಲ್ಲ.

ಗವಾನ ಇರಾನಿನ ಗಿಲಾನ್ ಸೀಮೆಯವನು. ವ್ಯಾಪಾರಕ್ಕೆಂದು 1453ರಲ್ಲಿ ಬಂದವನು ಬಹಮನಿ ರಾಜ್ಯದ ಮಂತ್ರಿಯಾದ. 1472ರಲ್ಲಿ ಈ ವಿದ್ಯಾಲಯ ಕಟ್ಟಿಸಿದ. ಮೂರಂತಸ್ತು, ವಿದ್ಯಾರ್ಥಿಗಳಿಗೆ ಕೋಣೆ, ಪಾಠದ ಸಭಾಂಗಣ, ಪುಸ್ತಕ ಭಂಡಾರ ಎಲ್ಲವೂ ಇತ್ತು. ಮುಂದಿನ ಗೋಡೆಗೆ ನೀಲಿ, ಹಳದಿ, ಬಿಳಿ ಬಣ್ಣದ ಹೆಂಚುಬಿಲ್ಲೆಗಳನ್ನು ಹೊದಿಸಿದರು. ಬಳ್ಳಿ, ಹೂವು, ಮೇಲೆ ಕುರಾನಿನ ಅಕ್ಷರಗಳ ಪಟ್ಟಿ. ಒಳಗೆ ಓದುವವರಿಗೆ ಪುಸ್ತಕ, ಹೊರಗೆ ಹಾದುಹೋಗುವವರಿಗೆ ಗೋಡೆ! ಉಳಿದಿರುವ ಒಂದೇ ಮಿನಾರು 131 ಅಡಿ. ಅದರ ಮೈಮೇಲಿನ ಓರೆಗೆರೆಗಳನ್ನು ನೋಡಿ ತಂಗಿ, “ಅಕ್ಕಾ, ಇದು ನಮ್ಮ ಕಸೂತಿಯ ಮುರ್ಗಿ ಹೊಲಿಗೀನೇ ಅಲ್ಲೇನು!” ಎಂದಳು. ಹೌದು ನೋಡಿ, ಅದೇ ಏರು, ಅದೇ ಇಳಿ.

ಬಣ್ಣ ಮಾಸಲಿಲ್ಲ ಯಾಕೆಂದರೆ ಅದು ಬಳಿದದ್ದಲ್ಲ. ಬಿಲ್ಲೆಯ ಮೇಲೆ ಗಾಜಿನಂಥ ಲೇಪ ಹಚ್ಚಿ ಭಟ್ಟಿಯಲ್ಲಿ ಸುಟ್ಟದ್ದು. ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಹಿಂದಿನ ಗಾರೆಗೆ ಮಳೆನೀರು ಇಳಿಯಿತೋ, ಬಿಲ್ಲೆ ಕಳಚಿ ಬೀಳುತ್ತದೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಮದ್ದು ಸ್ಫೋಟಗೊಂಡು ಇನ್ನೊಂದು ಮಿನಾರು, ಮುಂಭಾಗದ ಬಹುಪಾಲು ಹಾರಿಹೋಯಿತು. ಗವಾನನ ಗತಿಯೂ ಅಷ್ಟೇ ದುಃಖದ್ದು. ಆಗದವರು ಅವನ ಮೊಹರಿನ ಕೆಳಗೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ನಂಬಿ 1481ರಲ್ಲಿ ತಲೆ ತೆಗೆಸಿದ. ಕಟ್ಟಿಸಿ ಒಂಬತ್ತು ವರ್ಷವೂ ತುಂಬಿರಲಿಲ್ಲವೇನೋ.

ಗೋಡೆಯ ಕೆಳಭಾಗದಲ್ಲಿ ಯಾರೋ ಪುಣ್ಯಾತ್ಮರು ಮೊಳೆಯಿಂದ ಹೆಸರು ಕೆತ್ತಿದ್ದರು. “ನಾಚಿಕೆ ಇಲ್ಲ ಇವರಿಗೆ” ಎಂದಳು ಹುಡುಗಿ. ನಾನು ಚೀಲದ ಬಾಯಿ ಗಟ್ಟಿಯಾಗಿ ಹಿಡಿದುಕೊಂಡೆ.

ಮಧ್ಯಾಹ್ನ ಆಟೋ ಮಾಡಿಕೊಂಡು ಅಷ್ಟೂರಿಗೆ ಹೋದೆವು. ಸುಲ್ತಾನ ಅಲಾವುದ್ದೀನನ ಗುಮ್ಮಟದ ಹೊರಗೋಡೆಯಲ್ಲೂ ಇಂಥ ಬಿಲ್ಲೆಗಳು ಅಲ್ಲಲ್ಲಿ ಉಳಿದಿವೆ. ಪಕ್ಕದ ಅಹ್ಮದ್ ಶಾ ವಲಿಯ ಗುಮ್ಮಟದ ಒಳಗೆ ಮಾತ್ರ ನಿಜವಾದ ವರ್ಣಚಿತ್ರ. ಬಂಗಾರ, ಕುಂಕುಮಗೆಂಪು, ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ನೋಯುತ್ತದೆ. ಇವನನ್ನು ನಮ್ಮ ಕಡೆ ಲಿಂಗಾಯತರು ಅಲ್ಲಮಪ್ರಭು ಎನ್ನುತ್ತಾರೆ. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ನಮ್ಮಜ್ಜಿ ತೆಂಗಿನಕಾಯಿ ಒಡೆಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದೆವು.

ಅಲ್ಲಿ ತಂಗಿಗೆ ಹೇಳಿದೆ. ಎಂಟೊಂಬತ್ತು ವರ್ಷದವಳಿದ್ದಾಗ ಮದರಸಾದ ಬುಡದಲ್ಲಿ ಬಿದ್ದಿದ್ದ ನೀಲಿ ಚೂರೊಂದನ್ನು ಲಂಗದಲ್ಲಿ ಮುಚ್ಚಿಕೊಂಡು ತಂದಿದ್ದೆ. ಕುಂಟಬಿಲ್ಲೆ ಆಟಕ್ಕೆ ಅಂಥ ಬಿಲ್ಲೆ ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಎಸೆದರೆ ಗೆರೆ ಮುಟ್ಟದೆ ಮನೆಯ ನಡುವೆಯೇ ಕೂಡುತ್ತಿತ್ತು. ಮದುವೆಯಾಗಿ ಔರಾದಕ್ಕೆ ಬರುವಾಗ ಬಳೆ, ಕುಂಕುಮದ ಭರಣಿಯ ಜೊತೆ ಅದೂ ಬಂತು. “ಬಿದ್ದದ್ದನ್ನ ತಂದಿ, ಕಿತ್ತದ್ದೇನಲ್ಲ” ಎಂದಳು ತಂಗಿ. ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಓಣಿಯ ಹುಡುಗಿಯರೆಲ್ಲ ಒಂದೊಂದು ತಂದಿದ್ದರೆ?

ಸಂಜೆ ಮತ್ತೆ ಮದರಸಾಕ್ಕೆ ಹೋಗಿ, ಕರವಸ್ತ್ರ ಬಿಚ್ಚಿ ಅಲ್ಲಿಯ ಕಾವಲಿನವರ ಕೈಯಲ್ಲಿ ಚೂರು ಇಟ್ಟೆ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಆತ ಅದನ್ನು ತಿರುಗಿಸಿ ನೋಡಿ, “ಎಲ್ಲಿಂದು ಇದು, ಅಮ್ಮಾ?” ಎಂದು ಮಾತ್ರ ಕೇಳಿದ.

ಮೂವರೂ ಗೋಡೆ ನೋಡಿದೆವು. ಬರೀ ಕಲ್ಲು ಕಾಣುವ ಜಾಗ ನೂರಾರು. ಹುಡುಗಿ ಮಾತ್ರ ಕೈ ಚಾಚಿ, “ಅಲ್ಲಿಂದಿರಬೇಕು ದೊಡ್ಡವ್ವ, ಇಲ್ಲ ಅಲ್ಲಿ, ಆ ಹಳದಿ ಹೂವಿನ ಬಾಜೂಕ” ಎಂದು ಹುಡುಕುತ್ತಲೇ ಇದ್ದಳು. ಔರಾದದ ಬಸ್ಸಿಗೆ ಹೊತ್ತಾಗಿತ್ತು.