ಅಲ್ಮೇರಾದ ಮೇಲಿನ ಆಲ್ಪ್ಸ್

ಸಿಂಧನೂರಿನ ಹುಡುಗಿಗೆ ಸ್ವಿಟ್ಜರ್‌ಲ್ಯಾಂಡಿನ ರೈಲು ಯಾಕೆ ಬೇಕು? ನಮ್ಮ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಮನೆಯಲ್ಲಿ ಅಮ್ಮಿಯೂ ಕೇಳಿದ್ದಾರೆ, ಪಕ್ಕದ ಮನೆಯವರೂ ಕೇಳಿದ್ದಾರೆ. ವಾರ್ತಾಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ, ಎಲ್ಲರಿಗೂ ಒಂದೇ ಸಲ ಉತ್ತರ ಕೊಟ್ಟುಬಿಡೋಣ ಅನ್ನಿಸಿತು. ನಮ್ಮದು ಉರ್ದು ಮಾತಾಡುವ ಮನೆ. ಹಾಗಾಗಿ ನನ್ನ ಕನ್ನಡದಲ್ಲಿ ಅಲ್ಲಲ್ಲಿ ಉರ್ದು ಇಣುಕಿದರೆ ಗೆಳೆಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇದು ಶುರುವಾದದ್ದು ಒಂದು ಬೋಗಿಯಿಂದ. ನಮ್ಮ ಮಾಮು ದುಬೈಯಲ್ಲಿ ಡ್ರೈವರ್. ಅವರು ಕೆಲಸ ಮಾಡುತ್ತಿದ್ದ ಮನೆಯವರು ಊರಿಗೆ ಹಿಂದಿರುಗುವಾಗ ಬೇಡದ ಸಾಮಾನುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರಂತೆ. ಅದರಲ್ಲಿ ಸ್ವಿಸ್ ರೈಲಿನ ಚಿತ್ರವಿದ್ದ ಚಾಕೊಲೇಟ್ ಡಬ್ಬಿಯ ಮುಚ್ಚಳ ಇತ್ತು. ಹತ್ತಿಯಲ್ಲಿ ಸುತ್ತಿದ ಪುಟ್ಟ ರೈಲುಬೋಗಿಯೂ ಒಂದಿತ್ತು. ಉದ್ದ ಹನ್ನೊಂದು ಸೆಂಟಿಮೀಟರ್. ಕಿಟಕಿಗಳು ಅಕ್ಕಿಕಾಳಿನಷ್ಟು. ತಿರುಗಿಸಿ ನೋಡಿದರೆ ಕೆಳಗೆ ಬ್ರೇಕಿನ ಪೈಪುಗಳೂ ಕಾಣುತ್ತವೆ. ನಾನಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇಸ್ಮೆ ಕೌನ್ ಬೈಠ್ತೆ ಗೆ?" ಎಂದು ನಕ್ಕರು. ಯಾರೂ ಕೂರುವುದಿಲ್ಲ ನಾನಿ, ಆದರೆ ಕೂರುವವರಿಗೆ ಬೇಕಾದ ಎಲ್ಲವೂ ಇದರಲ್ಲಿದೆ ಎಂದೆ.

ಅದರ ಅಳತೆ 1:220 ಎಂದು ನಂತರ ತಿಳಿಯಿತು. ಅಂದರೆ ನಿಜವಾದ ಬೋಗಿಯ 220 ಮೀಟರ್, ಇಲ್ಲಿ ಒಂದು ಮೀಟರ್. ಮಾದರಿ ರೈಲು ಮಾಡುವವರ ಲೋಕದಲ್ಲಿ ಇಂಥ ಹಲವು ಅಳತೆಗಳಿವೆ. ಹೆಚ್ಚು ಬಳಕೆಯಲ್ಲಿರುವುದು 1:87. ಅದರ ಹಳಿಯ ಅಗಲ 16.5 ಮಿಲಿಮೀಟರ್. ಅದಕ್ಕಿಂತ ಚಿಕ್ಕದು 9 ಮಿ.ಮೀ. ಹಳಿಯ 'ಎನ್' ಗೇಜ್. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1972ರಲ್ಲಿ 6.5 ಮಿ.ಮೀ. ಹಳಿಯ ರೈಲು ತಂದಾಗ, ಇನ್ನು ಇದಕ್ಕಿಂತ ಚಿಕ್ಕದು ಬರಲಾರದು ಎಂದು ಅಕ್ಷರಮಾಲೆಯ ಕೊನೆಯ ಅಕ್ಷರವನ್ನೇ ಇಟ್ಟು 'ಝಡ್' ಗೇಜ್ ಎಂದು ಕರೆಯಿತು. ಕನ್ನಡದವರು ಮಾಡಿದ್ದರೆ 'ಳ' ಗೇಜ್ ಅನ್ನಬೇಕಾಗಿತ್ತು! ಆಮೇಲೆ ಜಪಾನಿನಿಂದ 1:450ರ ಇನ್ನೂ ಚಿಕ್ಕದು ಬಂದೇ ಬಂತು. ಕೊನೆಯದು ಎಂದು ಯಾವುದಕ್ಕೂ ಹೆಸರಿಡಬಾರದು.

ಝಡ್ ಗೇಜಿನ ಒಂದು ಹೊಸ ಸ್ವಿಸ್ ಎಂಜಿನ್ನಿಗೆ ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಸಾವಿರ ದಾಟುತ್ತದೆ. ಹಾಗಾಗಿ ನನ್ನ ಸಂಗ್ರಹದಲ್ಲಿ ಕೊಂಡದ್ದು ಏನೂ ಇಲ್ಲ. ಮಾಮು ಕೊಟ್ಟ ಬೋಗಿ ಒಂದು, ಮುಚ್ಚಳ ಒಂದು, ಅಳತೆಗಳ ನೋಟ್‌ಬುಕ್ಕು ಒಂದು. ಉಳಿದದ್ದೆಲ್ಲ ಮದುವೆ ಕಾರ್ಡು. ಹೌದು, ಶಾದಿ ಕಾರ್ಡು. ನಮ್ಮ ಕಡೆ ಮದುವೆಗಳಿಗೆ ಬರಗಾಲವಿಲ್ಲ, ಕಾರ್ಡುಗಳೂ ದಪ್ಪ. ಹೊಳೆಯುವ ಬದಿ ಒಳಗೆ ಬರುವಂತೆ ಮಡಚಿದರೆ ಗೋಡೆಯೂ ಆಗುತ್ತದೆ, ಕಂಬವೂ ಆಗುತ್ತದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮದೇ ರೈಲು ಬಿಟ್ಟು ಸ್ವಿಟ್ಜರ್‌ಲ್ಯಾಂಡ್ ಯಾಕೆ? ನಿಜ ಹೇಳಬೇಕೆಂದರೆ ನಾನು ಮೊದಲು ಲೆಕ್ಕ ಹಾಕಿದ್ದು ನಮ್ಮ ಸಿಂಧನೂರಿನ ರೈಲಿಗೇ. ಮುನಿರಾಬಾದ್–ಮಹಬೂಬ್‌ನಗರ ಮಾರ್ಗ 1997-98ರಲ್ಲಿ ಮಂಜೂರಾಯಿತು. ಆಗ ನಾನು ಹುಟ್ಟಿಯೇ ಇರಲಿಲ್ಲ. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ಎಂದು ಒಂದೊಂದೇ ಊರಿಗೆ ಬರುತ್ತಾ, 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಅಬ್ಬಾ ಜೊತೆ ಮೊದಲ ಸಲ ಹುಬ್ಬಳ್ಳಿಗೆ ಹೋದಾಗ ನಾನು ಕಿಟಕಿ ಬಿಟ್ಟು ಏಳಲಿಲ್ಲ. ಕಾಲುವೆ, ಗದ್ದೆ, ಅಕ್ಕಿ ಗಿರಣಿ, ಮತ್ತೆ ಗದ್ದೆ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದೆ. ನಮ್ಮ ಒಂದು ಬೋಗಿ ಸುಮಾರು 22 ಮೀಟರ್. ಇಪ್ಪತ್ತು ಬೋಗಿಗೆ 440 ಮೀಟರ್. 220ರಿಂದ ಭಾಗಿಸಿದರೆ ಎರಡು ಮೀಟರ್. ಬರೀ ರೈಲೇ ಎರಡು ಮೀಟರ್! ನಮ್ಮ ಹಲಗೆ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಅದರ ಜಾಗ ಅಲ್ಮೇರಾದ ಮೇಲೆ. ಬ್ರಾಡ್‌ಗೇಜ್ ರೈಲು ತಿರುಗಲು ಅತ್ಯಂತ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು. ನಮ್ಮ ಅಳತೆಯಲ್ಲಿ ಅದು 80 ಸೆಂ.ಮೀ. ಅದೂ ಹಿಡಿಸುವುದಿಲ್ಲ. ಬಯಲುಸೀಮೆಯ ರೈಲಿಗೆ ಬಯಲೇ ಬೇಕು. ಒಂದು ಕಿಲೋಮೀಟರ್ ಗದ್ದೆಗೆ ನಾಲ್ಕೂವರೆ ಮೀಟರ್ ಜಾಗ ನಮ್ಮ ಮನೆಯಲ್ಲಿ ಎಲ್ಲಿದೆ?

ಆದರೆ ಸ್ವಿಟ್ಜರ್‌ಲ್ಯಾಂಡಿನ ಪೂರ್ವಕ್ಕೆ ಗ್ರಾವ್‌ಬುಂಡೆನ್ ಎಂಬ ಗುಡ್ಡಗಾಡು ಪ್ರಾಂತ್ಯವಿದೆ. ಅಲ್ಲಿ ಓಡುವುದು ರೇಟಿಯನ್ ರೈಲ್ವೆ. ಅದರ ಹಳಿಯ ಅಗಲ ಒಂದೇ ಮೀಟರ್. ಹಳಿ ಕಿರಿದಾದರೆ ತಿರುವು ಬಿಗಿಯಾಗಬಹುದು, ಸುರಂಗ ಸಣ್ಣದಾಗಬಹುದು, ಖರ್ಚು ಕಡಿಮೆಯಾಗಬಹುದು. ಈ ರೈಲ್ವೆಗೆ ಬುನಾದಿ ಹಾಕಿದವನು ಗುಡ್ಡದವನಲ್ಲ, ವಿಲ್ಲೆಮ್ ಯಾನ್ ಹೋಲ್ಸ್‌ಬೂರ್ ಎಂಬ ಡಚ್ ಹಡಗುಗಾರ. ಹಾಲೆಂಡ್ ನಮ್ಮ ಸಿಂಧನೂರಿನಂತೆಯೇ ಸಪಾಟು ನಾಡು. ಕ್ಷಯದಿಂದ ಬಳಲುತ್ತಿದ್ದ ಹೆಂಡತಿಯನ್ನು ಒಳ್ಳೆಯ ಹವೆಗೆಂದು ದಾವೋಸ್‌ಗೆ ಕರೆತಂದ. ಹೆಂಡತಿ ತೀರಿಕೊಂಡರೂ ಅವನು ಅಲ್ಲೇ ನಿಂತ. ಆ ಊರಿಗೆ ರೈಲು ತರಲು ಹಟ ಹಿಡಿದ. 1890ರಲ್ಲಿ ದಾವೋಸ್‌ಗೆ ರೈಲು ಬಂತು. ಬಯಲಿನವನು ಬೆಟ್ಟದ ರೈಲು ಕಟ್ಟಿದ್ದಾನೆ ಎಂದ ಮೇಲೆ ನನಗೂ ಧೈರ್ಯ ಬಂತು.

ಅದೇ ರೈಲ್ವೆಯ ಅಲ್ಬುಲಾ ಮಾರ್ಗದಲ್ಲಿ, ಫಿಲಿಸೂರ್ ಎಂಬ ಊರಿನ ಹತ್ತಿರ, ಲಾಂಡ್‌ವಾಸರ್ ಸೇತುವೆ ಇದೆ. 1902ರಲ್ಲಿ ಮುಗಿದದ್ದು. ಉದ್ದ 136 ಮೀಟರ್, ಎತ್ತರ 65 ಮೀಟರ್, ಕಲ್ಲಿನ ಆರು ಕಮಾನು, ಒಂದೊಂದೂ 20 ಮೀಟರ್ ಅಗಲ. ಸೇತುವೆ ನೇರವಾಗಿಲ್ಲ, 100 ಮೀಟರ್ ತ್ರಿಜ್ಯದಲ್ಲಿ ಬಾಗಿದೆ. ಬಾಗಿ ಹೋಗಿ ಕಡಿದಾದ ಬಂಡೆಯೊಳಗಿನ ಸುರಂಗಕ್ಕೆ ನೇರ ನುಗ್ಗುತ್ತದೆ. ಎತ್ತರದ ಕಂಬಗಳನ್ನು ಹೊರಗಿನಿಂದ ಅಟ್ಟಣಿಗೆ ಕಟ್ಟದೆಯೇ ಎಬ್ಬಿಸಿದರು. ಈ ಮಾರ್ಗ ಮತ್ತು ಪಕ್ಕದ ಬರ್ನಿನಾ ಮಾರ್ಗ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಈಗ ಭಾಗಿಸಿ ನೋಡಿ. ಉದ್ದ 62 ಸೆಂ.ಮೀ., ಎತ್ತರ ಮೂವತ್ತಕ್ಕೆ ಅರ್ಧ ಕಡಿಮೆ, ತಿರುವಿನ ತ್ರಿಜ್ಯ 45 ಸೆಂ.ಮೀ., ಒಂದು ಕಮಾನು 9 ಸೆಂ.ಮೀ. ನನ್ನ ಹಲಗೆಯ ಮೇಲೆ ಸರಿಯಾಗಿ ಕೂರುತ್ತದೆ! ಕೋಣೆಯಲ್ಲಿ ನಮ್ಮ ಗದ್ದೆ ಹಿಡಿಸಲಿಲ್ಲ, ಆಲ್ಪ್ಸ್ ಹಿಡಿಸಿತು. ಇದೇ ನನ್ನ ಉತ್ತರ. ಜಾಗ ಕಡಿಮೆ, ಕಾಸು ಕಡಿಮೆ, ಬೆಟ್ಟ ಅಡ್ಡ ಎಂಬ ಮೂರು ಕಷ್ಟ ಇಟ್ಟುಕೊಂಡೇ ಅವರು ನಿಜವಾದ ರೈಲು ಕಟ್ಟಿದ್ದರು. ಆದ್ದರಿಂದಲೇ ಅದು ಜಾಗ ಕಡಿಮೆ, ಕಾಸು ಕಡಿಮೆ ಇರುವವರ ಮನೆಗೆ ಚೆನ್ನಾಗಿ ಹೊಂದುತ್ತದೆ.

ಒಂದು ತೊಡಕಿದೆ. ಮಾಮು ಕೊಟ್ಟ ಬೋಗಿ ಸ್ವಿಟ್ಜರ್‌ಲ್ಯಾಂಡಿನ ದೊಡ್ಡ ಹಳಿಯದ್ದು, 1435 ಮಿ.ಮೀ. ಅಗಲದ್ದು. ಸೇತುವೆಯ ಹಳಿ 1000 ಮಿ.ಮೀ. ನನ್ನ ಅಳತೆಯಲ್ಲಿ ಒಂದು 6.5, ಇನ್ನೊಂದು 4.5. ಇದ್ದ ಒಂದೇ ನಿಜವಾದ ಬೋಗಿ ನನ್ನ ಸೇತುವೆ ಹತ್ತುವುದಿಲ್ಲ! ಆದರೆ ನಿಜವಾದ ಪ್ರಯಾಣಿಕರಿಗೂ ಹೀಗೇ ಆಗುತ್ತದೆ. ಜ್ಯೂರಿಕ್‌ನಿಂದ ಬಂದವರು ಕೂರ್ ಎಂಬ ನಿಲ್ದಾಣದಲ್ಲಿ ದೊಡ್ಡ ರೈಲು ಇಳಿದು ಕೆಂಪು ಬಣ್ಣದ ಸಣ್ಣ ರೈಲು ಹತ್ತಬೇಕು. ಹಾಗಾಗಿ ಹಲಗೆಯ ಮೂಲೆಯಲ್ಲಿ ಕೂರ್ ನಿಲ್ದಾಣದ ಒಂದು ತುಣುಕು ಮಾಡಿ ಮಾಮುವಿನ ಬೋಗಿಯನ್ನು ಅಲ್ಲಿ ನಿಲ್ಲಿಸಿದೆ. ಸೇತುವೆಯ ಮೇಲೆ ನಿಂತಿರುವ ಮೂರು ಕೆಂಪು ಬೋಗಿಗಳು ಕಾರ್ಡಿನವು, ಹಳಿ ತಾಮ್ರದ ತಂತಿಯದ್ದು. ಇವು ಓಡುವುದಿಲ್ಲ. ಅಂದಹಾಗೆ, ನಮ್ಮ ಗದಗ–ಹುಬ್ಬಳ್ಳಿ ದಾರಿಯೂ 1990ರ ದಶಕದವರೆಗೆ ಇದೇ ಒಂದು ಮೀಟರ್ ಗೇಜಿನದ್ದಾಗಿತ್ತು.

ಸ್ವಿಟ್ಜರ್‌ಲ್ಯಾಂಡಿಗೂ ನಮಗೂ ಸಂಬಂಧವಿಲ್ಲ ಎನ್ನುವವರಿಗೆ ಇನ್ನೊಂದು ಮಾತು. ಊಟಿ ರೈಲು ಹತ್ತುವಾಗ ಹಳಿಗಳ ನಡುವೆ ಹಲ್ಲುಪಟ್ಟಿ ಕಾಣುತ್ತದಲ್ಲ, ಆ ವ್ಯವಸ್ಥೆಯನ್ನು ಕಂಡುಹಿಡಿದವನು ಕಾರ್ಲ್ ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರ್. ಆ ಬೆಟ್ಟ ಹತ್ತಿದ ಹಳೆಯ ಉಗಿ ಎಂಜಿನ್‌ಗಳು ತಯಾರಾದದ್ದು ಸ್ವಿಟ್ಜರ್‌ಲ್ಯಾಂಡಿನ ವಿಂಟರ್‌ಥೂರ್‌ನಲ್ಲಿ. ಮಾದರಿ ರೈಲಿನ ಹುಚ್ಚು ಕೂಡ ಯುರೋಪಿನವರಿಗೆ ಮಾತ್ರ ಇಲ್ಲ. ಪುಣೆಯ ಕೋಥ್ರೂಡ್‌ನಲ್ಲಿ ಬಿ. ಎಸ್. ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯ 1998ರಲ್ಲೇ ತೆರೆದಿದೆ. ಒಮ್ಮೆ ನೋಡಬೇಕು ಎಂಬುದು ನನ್ನ ಆಸೆ.

ಬೆಟ್ಟ ಮಾಡುವುದನ್ನು ನಾನು ಕಲಿತದ್ದು ಮಸ್ಕಿಯಲ್ಲಿ. ನಾನಿಯ ಮನೆ ಅಲ್ಲಿದೆ. ಮಸ್ಕಿ ಎಂದರೆ ಎಲ್ಲರಿಗೂ 1915ರಲ್ಲಿ ಸಿಕ್ಕ ಅಶೋಕನ ಶಾಸನ ಗೊತ್ತು. ಅವನ ಹೆಸರನ್ನೇ ಬರೆದಿರುವ ಶಾಸನ ಅದು. ನನಗೆ ಮಾತ್ರ ಅಲ್ಲಿಯ ಬಂಡೆಗಳೇ ಪಾಠ. ಸಂಜೆ ಬಿಸಿಲಿಗೆ ಬಂಡೆಯ ಯಾವ ಮಗ್ಗುಲು ಕಪ್ಪಾಗುತ್ತದೆ, ಬಿರುಕು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾ ಕೂರುತ್ತಿದ್ದೆ. ಮನೆಗೆ ಬಂದು ಟಿಫನ್ ಕಟ್ಟುವ ಫಾಯಿಲ್ ಹಾಳೆಯನ್ನು ಮುದುಡಿ, ಬಿಡಿಸಿ, ಅದರ ಮೇಲೆ ಪ್ಲಾಸ್ಟರ್ ಹಚ್ಚಿದೆ. ಅದನ್ನು ನೋಡಿದ ನಾನಿ, "ಯೆ ತೊ ಅಪ್ನೆ ಮಸ್ಕಿಕಾ ಪಹಾಡ್ ದಿಸ್ರಾ" ಎಂದರು. ಅವರು ಹೇಳಿದ್ದು ಸರಿ. ನಾನು ನೋಡಿದ ಗುಡ್ಡ ಅದೊಂದೇ.

ಈಗ ವಿಷಯ ಏನೆಂದರೆ, ಪರೀಕ್ಷೆ ಮುಗಿದ ಮೇಲೆ ನಾವು ಸಿಂಧನೂರು ಬಿಡುತ್ತಿದ್ದೇವೆ. ಅಬ್ಬಾ ಲೆಕ್ಕ ಬರೆಯುತ್ತಿದ್ದ ಗಿರಣಿಯಲ್ಲಿ ಕೆಲಸ ಕಡಿಮೆಯಾಗಿದೆ. ಲಿಂಗಸುಗೂರಿನಲ್ಲಿ ಚಾಚಾ ಅವರ ಹಾರ್ಡ್‌ವೇರ್ ಅಂಗಡಿ ಇದೆ, ಅಬ್ಬಾ ಅದಕ್ಕೆ ಸೇರಿಕೊಳ್ಳುತ್ತಾರೆ. ಅವರ ಮನೆಯಲ್ಲೇ ನಮಗೂ ಒಂದು ಕೋಣೆ. ರೈಲು ಬಂದ ಊರು ಬಿಟ್ಟು ರೈಲು ಬರಬೇಕಾದ ಊರಿಗೆ ಹೋಗುತ್ತಿದ್ದೇವೆ. ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿವರೆಗೆ 2025ರ ಮೇ ತಿಂಗಳಲ್ಲಿ ರೈಲು ಓಡತೊಡಗಿತು. ಲಿಂಗಸುಗೂರು ಅದರ ಮುಂದಿದೆ.

ಅಬ್ಬಾ ಹೇಳಿದರು: "ಟೆಂಪೋ ಒಂದೇ ಟ್ರಿಪ್ಪು. ಏನು ಬೇಕು, ಏನು ಬೇಡ, ಪಟ್ಟಿ ಮಾಡು ಬೇಟಾ." ಬೈಯಲಿಲ್ಲ, ಹಲಗೆಯ ಕಡೆ ನೋಡಲೂ ಇಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಕಾಮರ್ಸ್ ಓದಿದ್ದೇನಲ್ಲ, ಪಟ್ಟಿ ಮಾಡಿದೆ. ಪ್ಲೈವುಡ್ 350 ರೂಪಾಯಿ. ಬಣ್ಣ 420. ಅಂಟು 180. ಬ್ಲೇಡು, ಸ್ಟೀಲ್ ಸ್ಕೇಲು 150. ಪ್ಲಾಸ್ಟರ್, ಫಾಯಿಲ್ 90. ತಂತಿ 60. ಮದುವೆ ಕಾರ್ಡು ಸೊನ್ನೆ. ಒಟ್ಟು 1250. ನಮ್ಮ ಲೆಕ್ಕಶಾಸ್ತ್ರದಲ್ಲಿ ದಾಸ್ತಾನಿಗೆ ಬೆಲೆ ಕಟ್ಟುವ ನಿಯಮ ನಿಮಗೂ ಗೊತ್ತು: ಕೊಂಡ ಬೆಲೆ ಅಥವಾ ಮಾರಿದರೆ ಬರುವ ಬೆಲೆ, ಯಾವುದು ಕಡಿಮೆಯೋ ಅದು. ಮಾರಿದರೆ ಬರುವುದು ಸೊನ್ನೆ. ಹಾಗಾಗಿ ಪುಸ್ತಕದಲ್ಲಿ ನನ್ನ ಆಲ್ಪ್ಸ್ ಬೆಲೆ ಸೊನ್ನೆ. ನಿಯಮ ತಪ್ಪಲ್ಲ. ಅಬ್ಬಾ ಅವರ ಕಷ್ಟಕ್ಕೆ ಆ ನಿಯಮವೇ ಬೇಕು.

ಎರಡು ದಿನ ಯೋಚಿಸಿದೆ. ಸಣ್ಣ ಅಳತೆಯ ಕೆಲಸ ಎಂದರೆ ಏನು ಬಿಡಬೇಕು, ಏನು ಬಿಡಬಾರದು ಎಂದು ತೀರ್ಮಾನಿಸುವುದೇ. 1:220ರಲ್ಲಿ ಒಂದೊಂದು ಕಲ್ಲು ಕೆತ್ತಲಾಗುವುದಿಲ್ಲ, ಬಿಡಬೇಕು. ಆದರೆ ತಿರುವು ಬಿಟ್ಟರೆ ಅದು ಲಾಂಡ್‌ವಾಸರ್ ಅಲ್ಲ. ಅದೇ ರೀತಿ ಇಲ್ಲೂ ಮಾಡಿದೆ. ಬೆಟ್ಟ ಬಿಡಬಹುದು. ಫಾಯಿಲ್ ಎಲ್ಲ ಕಡೆ ಸಿಗುತ್ತದೆ, ಲಿಂಗಸುಗೂರಿಗೂ ಮಸ್ಕಿಯ ಗುಡ್ಡ ದೂರವಿಲ್ಲ. ಪ್ಲೈವುಡ್ ಚಾಚಾ ಅವರ ಅಂಗಡಿಯ ಕಪಾಟಿಗೆ ಆಗುತ್ತದೆ. ಕೂರ್ ನಿಲ್ದಾಣ ಮತ್ತೆ ಮಾಡಬಹುದು. ಉಳಿಯಬೇಕಾದದ್ದು ಬೋಗಿ, ನೋಟ್‌ಬುಕ್ಕು, ಸೇತುವೆ. ಬಟ್ಟೆ ಟ್ರಂಕಿನ ಒಳಗಿನ ಉದ್ದ ಅಳೆದೆ, 70 ಸೆಂ.ಮೀ. ಸೇತುವೆ 62. ಸುತ್ತಲೂ ದುಪಟ್ಟಾ ತುಂಬಿದರೆ ಅಲುಗಾಡುವುದಿಲ್ಲ.

ಪಟ್ಟಿಯನ್ನು ಅಬ್ಬಾ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಗಿರಣಿಯ ಲೆಕ್ಕ ನೋಡುವ ಹಾಗೆ ಒಂದೊಂದೇ ಸಾಲು ನೋಡಿದರು. ಕೊನೆಗೆ "ಪುಲ್ ಟ್ರಂಕ್ ಮೆ" ಎಂಬ ಸಾಲಿನ ಮುಂದೆ ಪೆನ್ನಿನಿಂದ ಒಂದು ಗೀಟು ಎಳೆದು, "ಟ್ರಂಕ್ ಟೆಂಪೋದಲ್ಲಿ ಬೇಡ, ಕುಲುಕುತ್ತದೆ. ಬಸ್ಸಿನಲ್ಲಿ ನಾನೇ ಮಡಿಲಲ್ಲಿಟ್ಟುಕೊಂಡು ಬರುತ್ತೇನೆ" ಎಂದರು. ಮಸ್ಕಿ ದಾಟಿ ಲಿಂಗಸುಗೂರಿನವರೆಗೆ ಅಷ್ಟು ದೊಡ್ಡ ಟ್ರಂಕು ಅವರ ಮಡಿಲಲ್ಲಿ ಹೇಗೆ ಕೂರುತ್ತದೋ ನೋಡಬೇಕು.

ಲಿಂಗಸುಗೂರಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಒಂದು ಕಲ್ಲಿನ ಕಟ್ಟೆ ಇದೆಯಂತೆ, ಅಗಲ ಮುಕ್ಕಾಲು ಅಡಿ. ಬರ್ಗ್ಯೂನ್‌ನಿಂದ ಪ್ರೇಡಾವರೆಗೆ ಅದೇ ಅಲ್ಬುಲಾ ರೈಲು 400 ಮೀಟರ್‌ಗಿಂತ ಹೆಚ್ಚು ಎತ್ತರ ಏರಲು ಸುಮಾರು 12 ಕಿಲೋಮೀಟರ್ ಸುತ್ತುತ್ತದೆ, ಬೆಟ್ಟದೊಳಗೇ ಸುರುಳಿ ತಿರುಗುತ್ತದೆ. ಅದನ್ನು ಮುಕ್ಕಾಲು ಅಡಿಯಲ್ಲಿ ಹೇಗೆ ತೋರಿಸುವುದು ಎಂದು ಈಗಲೇ ಲೆಕ್ಕ ಶುರುಮಾಡಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ಬರೀ ಲೆಕ್ಕ ಮಾತ್ರ ಎಂದು ಅಮ್ಮಿಗೆ ಮಾತು ಕೊಟ್ಟಿದ್ದೇನೆ.

ಅಲ್ಲಿಯವರೆಗೆ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಮನೆಗೆ ಬಂದ ಮದುವೆ ಕಾರ್ಡುಗಳನ್ನು ಎಸೆಯಬೇಡಿ. ವಾಣಿಜ್ಯ ವಿಭಾಗದ ಎರಡನೇ ಬೆಂಚಿಗೆ ತಲುಪಿಸಿ. ದಪ್ಪನೆಯದ್ದಾದರೆ ಒಳ್ಳೆಯದು.