ರೈಲು ದರೋಡೆಗೆ ಅಪ್ಪನ ಸಲಹೆ

"ಅಪ್ಪಾ, ಗೂಡ್ಸ್ ಗಾಡಿ ದರೋಡೆ ಮಾಡೋದು ಹೇಗೆ?"

ಯುಗಾದಿಗೆ ಊರಿಗೆ ಹೋಗಿದ್ದಾಗ ಊಟಕ್ಕೆ ಕೂತವಳು ಹೀಗೆ ಕೇಳಿಬಿಟ್ಟೆ. ಒಬ್ಬಟ್ಟು ಬಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಮೂವತ್ತೊಂದು ವರ್ಷ ಘಾಟಿಯ ಹಳಿ ಮೇಲೆ ನಡೆದು ರಿಟೈರ್ ಆಗಿರುವ ಅಪ್ಪ ಮಾತ್ರ ತುಪ್ಪ ಹಾಕಿಕೊಳ್ಳುತ್ತಾ, "ಎಷ್ಟು ವ್ಯಾಗನ್ನು?" ಅಂದ.

ಗಾಬರಿಯಾಗಬೇಡಿ, ಇದು ಆಟದ ವಿಷಯ. ನಾವು ಪತ್ರಿಕೋದ್ಯಮ ಓದಿದ ನಾಲ್ಕು ಜನ ಬೆಂಗಳೂರಿನಲ್ಲಿ ಬೇರೆ ಬೇರೆ ಕಡೆ ಕೆಲಸಕ್ಕಿದ್ದೇವೆ. ಭಾನುವಾರ ರಾತ್ರಿ ಒಬ್ಬರ ರೂಮಿನಲ್ಲಿ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ಇದೇನೆಂದು ಕೇಳುವವರಿಗೆ ನಾನು ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡಬೇಕು. ಭಾಗವತರ ಜಾಗದಲ್ಲಿ ಗೇಮ್‌ಮಾಸ್ಟರ್ ಇರುತ್ತಾರೆ. ವ್ಯತ್ಯಾಸ ಎಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ಗೆದ್ದಿರೋ ಸೋತಿರೋ ಎಂದು ದಾಳ ಹೇಳುತ್ತದೆ.

ನಾವು ಆಡುವುದು ಸೈಬರ್‌ಪಂಕ್ ರೆಡ್. 2020ರಲ್ಲಿ ಬಂದ ಈ ಆಟದ ಕಥೆ 2045ರಲ್ಲಿ ನಡೆಯುತ್ತದೆ. ದೊಡ್ಡ ಕಂಪನಿಗಳದ್ದೇ ಸರ್ಕಾರ ಎನ್ನುವಂಥ ಕಾಲ. ಕೂಲಿ ಬಂದೂಕುಗಾರ, ಕಂಪ್ಯೂಟರ್ ಜಾಲಕ್ಕೆ ನುಗ್ಗುವವನು, ರಿಪೇರಿಯವನು, ಹೀಗೆ ಹತ್ತು ಬಗೆಯ ಪಾತ್ರಗಳಿವೆ. ಅದರಲ್ಲಿ ಒಂದು ಪತ್ರಕರ್ತರದ್ದು, ಹೆಸರು ಮೀಡಿಯಾ. ನಮ್ಮ ಗುಂಪಿನಲ್ಲಿ ಆ ಪಾತ್ರಕ್ಕೆ ಮೊದಲ ದಿನವೇ ಜಗಳ ಆಗಿತ್ತು.

ಈ ಸಲ ಗೇಮ್‌ಮಾಸ್ಟರ್ ಸರದಿ ನನ್ನದು. ರೈಲು ದರೋಡೆಯ ಕಥೆ ಮಾಡುತ್ತೇನೆ ಎಂದು ಹೇಳಿಕೊಂಡೆ. ಹನ್ನೊಂದು ಪುಟ ಬರೆದೆ. ಚಾವಣಿ ಮೇಲೆ ಜಿಗಿಯುವುದು, ಬೋಗಿಯಿಂದ ಬೋಗಿಗೆ ಓಡುವುದು, ಕೊಂಡಿ ಕಳಚುವುದು, ಸೇತುವೆ ಬರುವಷ್ಟರಲ್ಲಿ ಹಾರುವುದು. ಸಿನಿಮಾದಲ್ಲಿ ನೋಡಿದ್ದೆಲ್ಲ ಅದರಲ್ಲಿತ್ತು.

ಆಡಲು ಕೂತ ಇಪ್ಪತ್ತೇ ನಿಮಿಷಕ್ಕೆ ಎಲ್ಲ ಕೆಟ್ಟಿತು. "ರೈಲು ಹೊರಡೋ ಮೊದಲೇ ಯಾರ್ಡಲ್ಲೇ ಯಾಕೆ ಕದೀಬಾರದು?" ಎಂದು ಒಬ್ಬ ಕೇಳಿದ. ನನ್ನ ಹನ್ನೊಂದು ಪುಟದಲ್ಲಿ ಯಾರ್ಡೇ ಇರಲಿಲ್ಲ. "ಅಲ್ಲಿ ಕಾವಲಿದೆ" ಅಂದೆ. "ಎಷ್ಟು ಜನ?" "ತುಂಬಾ ಜನ." ಮೂವರೂ ಬಿದ್ದು ಬಿದ್ದು ನಕ್ಕರು. ಇನ್ನೊಬ್ಬಳು, "ಹಾಗಾದ್ರೆ ಗಾಡಿ ಎಲ್ಲೆಲ್ಲಿ ನಿಧಾನ ಆಗುತ್ತೆ?" ಅಂದಳು. ಅದೂ ಗೊತ್ತಿಲ್ಲ. ಒಂಬತ್ತೂವರೆಗೆ ಆಟ ನಿಲ್ಲಿಸಿ ಎಗ್‌ರೈಸ್ ತಿನ್ನಲು ಹೋದೆವು.

ಆ ವಾರ ನಿಜವಾದ ರೈಲು ದರೋಡೆಗಳ ಬಗ್ಗೆ ಓದುತ್ತಾ ಕೂತೆ. 2016ರ ಆಗಸ್ಟ್‌ನಲ್ಲಿ ಸೇಲಂನಿಂದ ಚೆನ್ನೈಗೆ ರಿಸರ್ವ್ ಬ್ಯಾಂಕಿನ ಹಣ ಹೊತ್ತು ಹೊರಟ ರೈಲಿನ ಬೋಗಿಯ ಚಾವಣಿಯಲ್ಲಿ ಕಳ್ಳರು ತೂತು ಕೊರೆದು 5.78 ಕೋಟಿ ರೂಪಾಯಿ ಒಯ್ದರು. ಚಾವಣಿ ಮೇಲೆ ಕೂತು ಕೊರೆಯಲು ಸಾಧ್ಯವಾಗಿದ್ದು ಹೇಗೆ? ಆ ಮಾರ್ಗದ ಒಂದು ಭಾಗಕ್ಕೆ ಆಗ ಇನ್ನೂ ವಿದ್ಯುತ್ ತಂತಿ ಬಂದಿರಲಿಲ್ಲ, ಡೀಸೆಲ್ ಎಂಜಿನ್ ಓಡುತ್ತಿತ್ತು. ತಂತಿ ಇದ್ದಿದ್ದರೆ 25 ಸಾವಿರ ವೋಲ್ಟ್ ತಲೆ ಮೇಲೆಯೇ ಇರುತ್ತಿತ್ತು. ಅವರಿಗೆ ಧೈರ್ಯಕ್ಕಿಂತ ಹೆಚ್ಚಾಗಿ ಆ ದಾರಿ ಗೊತ್ತಿತ್ತು. ಮೂರೇ ತಿಂಗಳಿಗೆ ಐನೂರು, ಸಾವಿರದ ನೋಟು ರದ್ದಾಗಿ ಕದ್ದ ಹಣ ಕಾಗದವಾಯಿತು, ಅದು ಬೇರೆ ಮಾತು.

1963ರ ಆಗಸ್ಟ್ 8ರಂದು ಇಂಗ್ಲೆಂಡಿನಲ್ಲಿ ಗ್ಲಾಸ್ಗೋ–ಲಂಡನ್ ಅಂಚೆ ರೈಲನ್ನು ನಿಲ್ಲಿಸಿದವರು ಹಳಿ ಕಿತ್ತಿರಲಿಲ್ಲ. ಹಸಿರು ಸಿಗ್ನಲ್ಲಿಗೆ ಕೈಗವಸು ಮುಚ್ಚಿ, ಬ್ಯಾಟರಿಯಿಂದ ಕೆಂಪು ದೀಪ ಹೊತ್ತಿಸಿದ್ದರು, ಅಷ್ಟೆ. ಒಯ್ದದ್ದು 26 ಲಕ್ಷ ಪೌಂಡ್.

ಆಗ ನನ್ನ ತಪ್ಪು ಹೊಳೆಯಿತು. ನಾನು ಯೋಚಿಸಿದ್ದು ದರೋಡೆಯನ್ನು, ರೈಲನ್ನಲ್ಲ. ದರೋಡೆ ಹೇಗೆ ಮಾಡಬೇಕು ಎನ್ನುವುದು ಆಡುವವರ ಕೆಲಸ. ಗೇಮ್‌ಮಾಸ್ಟರ್ ಅದನ್ನೂ ಬರೆದಿಟ್ಟರೆ ಅವರಿಗೆ ಉಳಿಯುವುದು ದಾಳ ಉರುಳಿಸುವ ಕೂಲಿ ಮಾತ್ರ. ನಾನು ಕಟ್ಟಬೇಕಾಗಿದ್ದು ಗಾಡಿಯನ್ನು: ಎಷ್ಟು ಉದ್ದ, ಏನು ಹೊತ್ತಿದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ. ಅದನ್ನು ಕೇಳಲು ನನಗೆ ಅಪ್ಪನಿಗಿಂತ ಒಳ್ಳೆಯ ಪುಸ್ತಕ ಇರಲಿಲ್ಲ. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಿದ್ದೂ ಅದನ್ನೇ ಅಲ್ಲವೇ, ಮೊದಲು ಊರಿಗೆ ಹೋಗಿ ಕೇಳು, ಆಮೇಲೆ ಬರಿ ಎಂದು.

ಹಾಗೆ ಆ ಪ್ರಶ್ನೆ ಒಬ್ಬಟ್ಟಿನ ಎಲೆ ಮುಂದೆ ಬಂತು. ಊಟ ಮುಗಿದ ಮೇಲೆ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಅಪ್ಪ ನನ್ನ ಹನ್ನೊಂದು ಪುಟದ ಕಥೆ ಕೇಳಿದ. ಕೊಂಡಿ ಕಳಚುವ ಜಾಗಕ್ಕೆ ಬಂದಾಗ ತಡೆದ.

"ಅದು ಆಗಕಿಲ್ಲ ಕಣವ್ವ. ಎಂಜಿನ್ನಿಂದ ಕೊನೆ ವ್ಯಾಗನ್‌ವರೆಗೂ ಗಾಳಿ ಪೈಪು ಇರ್ತದೆ. ಅದ್ರಲ್ಲಿ ಗಾಳಿ ತುಂಬಿದ್ರೇನೆ ಬ್ರೇಕು ಬಿಡೋದು. ಪೈಪು ಕಿತ್ತೋದ್ರೆ ಎರಡು ತುಂಡಿಗೂ ಬ್ರೇಕು ಬಿದ್ದು ನಿಂತ್ಕೊತದೆ. ನಿನ್ನ ಕಳ್ಳರು ಸಿಕ್ಕಾಕ್ಕೊಂಡ್ರು ಅಂತಾನೇ ಲೆಕ್ಕ."

"ಹಾಗಾದ್ರೆ ನಿಲ್ಲಿಸೋದು ಹೇಗೆ?"

"ನಿಲ್ಸಕ್ಕೆ ಯಾಕೆ ಒದ್ದಾಡ್ತೀರ? ಘಾಟಿ ಇಳಿಯೋ ಗಾಡಿ ಅದೇ ನಿಲ್ತದೆ."

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಅಪ್ಪನಿಗೆ ಅಂಗೈ ಗೆರೆ ಇದ್ದ ಹಾಗೆ. 57 ಸುರಂಗ, ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು. ಇಂಥ ಘಾಟಿಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ಕವಲು ಹಳಿ ಇರುತ್ತದೆ. ಅದು ಏರಿ ಹೋಗಿ ಅಲ್ಲೇ ಕೊನೆಯಾಗುತ್ತದೆ. ಬ್ರೇಕ್ ತಪ್ಪಿ ಓಡಿ ಬರುವ ಗಾಡಿ ಆ ಏರಿಗೆ ಹತ್ತಿ ನಿಲ್ಲಲಿ ಎಂದು ದಾರಿ ಸದಾ ಅತ್ತ ಕಡೆಗೇ ತಿರುಗಿರುತ್ತದೆ. ಇಳಿದು ಬರುವ ಗಾಡಿ ಅದರ ಮುಂದೆ ನಿಂತು, ತನ್ನ ಬ್ರೇಕು ಹಿಡಿತದಲ್ಲಿದೆ ಎಂದು ತೋರಿಸಿದ ಮೇಲೆ ಮುಖ್ಯ ಹಳಿಗೆ ದಾರಿ ಸಿಗುತ್ತದೆ. ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದಕ್ಕೆ ಅಪ್ಪ ಅಡಿಕೆ ಹೋಳು ಮಾಡುವಷ್ಟರಲ್ಲಿ ಉತ್ತರ ಕೊಟ್ಟಿದ್ದ.

ಕದಿಯುವ ಮಾಲು ಏನು ಎನ್ನುವುದನ್ನು ಆಗಲೇ ಯೋಚಿಸಿದ್ದೆ: ನೀರು. 2016ರಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. 2019ರ ಜುಲೈನಲ್ಲಿ ಜೋಲಾರ್‌ಪೇಟೆಯಿಂದ ಚೆನ್ನೈಗೆ 50 ವ್ಯಾಗನ್‌ಗಳಲ್ಲಿ ಒಂದು ಸಲಕ್ಕೆ 25 ಲಕ್ಷ ಲೀಟರ್ ಹೋಯಿತು. ಇದನ್ನು ನೋಡಿದವರಿಗೆ ಭವಿಷ್ಯದ ಕಥೆ ಹೆಣೆಯುವುದು ಕಷ್ಟವಲ್ಲ. ಆಟದ ನಿಯಮ ಪುಸ್ತಕದ್ದೇ ಇರಲಿ, ಊರು ನಮ್ಮದಾಗಲಿ ಎಂದು ವರ್ಷವನ್ನು 2091 ಮಾಡಿದೆ. ಮಲೆನಾಡಿನ ಮಳೆಯನ್ನು ಒಂದು ಕಂಪನಿ ಗುತ್ತಿಗೆ ಹಿಡಿದಿದೆ. ರಾತ್ರಿ ರೈಲಿನಲ್ಲಿ ಘಾಟಿ ಇಳಿಸಿ ಮಂಗಳೂರು ಬಂದರಿನಿಂದ ಹಡಗಿಗೆ ತುಂಬುತ್ತದೆ. ಹಳಿ ಪಕ್ಕದ ಕೂಲಿ ಲೈನಿನವರ ನಲ್ಲಿಗೆ ಬೀಗ ಬಿದ್ದಿದೆ. ಒಂದೇ ಒಂದು ವ್ಯಾಗನ್ ನೀರು ಅವರ ತೊಟ್ಟಿಗೆ ಇಳಿಸಿಕೊಡಿ ಎನ್ನುವುದು ಕೆಲಸ.

ನೀರಿನ ಗುಣ ನೋಡಿ. ನೋಟಿನ ಕಟ್ಟಿನಂತೆ ಹೆಗಲಿಗೆ ಹಾಕಿಕೊಂಡು ಓಡಲು ಆಗುವುದಿಲ್ಲ. ಐವತ್ತು ಸಾವಿರ ಲೀಟರ್ ಎಂದರೆ ಐವತ್ತು ಟನ್. ಪೈಪು ಹಾಕಿ ಇಳಿಸಬೇಕು, ಇಳಿಯಲು ಹೊತ್ತು ಬೇಕು, ಅಷ್ಟು ಹೊತ್ತು ಸಿಕ್ಕಿಬೀಳದೆ ಅಲ್ಲೇ ಇರಬೇಕು. ಓಟವಿಲ್ಲದ ದರೋಡೆ. ಇಷ್ಟು ಹೇಳಿ ಶಹಭಾಸ್‌ಗಿರಿಗಾಗಿ ಅಪ್ಪನ ಮುಖ ನೋಡಿದೆ.

"ಎಲ್ಲ ಸರಿ. ಪೆಟ್ರೋಲ್‌ಮ್ಯಾನ್ ಎಲ್ಲವ್ನೆ?" ಅಂದ.

ಓದುವವರಿಗೆ ಹೇಳಿಬಿಡುತ್ತೇನೆ, ಇದು ಗಾಡಿಗೆ ಹಾಕುವ ಪೆಟ್ರೋಲ್ ಅಲ್ಲ. ಮಳೆಗಾಲದ ರಾತ್ರಿ ಹಳಿ ಮೇಲೆ ಗಸ್ತು ತಿರುಗುವವನಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಅಪ್ಪ ಅದೇ ಆಗಿದ್ದ. ಕೈಯಲ್ಲಿ ದೀಪ, ಹೆಗಲ ಚೀಲದಲ್ಲಿ ಬಾವುಟ ಮತ್ತು ಹಳಿಗೆ ಕಟ್ಟಿದರೆ ಢಂ ಎನ್ನುವ ಡಿಟೊನೇಟರ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಸ್ತಿನ ಪುಸ್ತಕ. ಗುಡ್ಡ ಕುಸಿದಿದೆಯಾ, ಮರ ಬಿದ್ದಿದೆಯಾ ಎಂದು ನೋಡುತ್ತಾ ನಡೆಯಬೇಕು. ತನ್ನ ಪಾಲಿನ ದೂರ ಮುಗಿದ ಕಡೆ ಆಚೆಯಿಂದ ಇನ್ನೊಬ್ಬ ಬರುತ್ತಾನೆ, ಇಬ್ಬರೂ ಪುಸ್ತಕ ಬದಲಾಯಿಸಿಕೊಳ್ಳಬೇಕು. ಆ ಪುಸ್ತಕಕ್ಕೆ ಎರಡು ನಿಮಿಷ, ಬೀಡಿಗೆ ಐದು ನಿಮಿಷ ಎನ್ನುತ್ತಿದ್ದ ಅಪ್ಪ.

ನನ್ನ ಕಥೆಯಲ್ಲಿ ಕಂಪನಿಯ ಬಂದೂಕಿನವರು ಆರು ಜನ ಇದ್ದರು. ಅವರನ್ನು ಹೊಡೆಯುವುದಕ್ಕೆಂದೇ ಬರೆದಿದ್ದೆ. ದೀಪ ಹಿಡಿದು ನಡೆಯುವ ಒಬ್ಬನೂ ಇರಲಿಲ್ಲ. ಗಸ್ತು ತಿರುಗುವವನ ಮಗಳು ಬರೆದ ರೈಲಿನ ಕಥೆಯಲ್ಲೇ ಅವನಿಲ್ಲ! ಇಂಗ್ಲೆಂಡಿನ ದರೋಡೆಯಲ್ಲಿ ತಲೆಗೆ ಪೆಟ್ಟು ತಿಂದ ಚಾಲಕ ಜ್ಯಾಕ್ ಮಿಲ್ಸ್ ಬಗ್ಗೆ ಓದಿದ್ದೆ, ಅವರು ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ. 1925ರ ಕಾಕೋರಿ ಪ್ರಕರಣದಲ್ಲಿ ಸರ್ಕಾರಿ ಹಣಕ್ಕೆಂದು ರೈಲು ನಿಲ್ಲಿಸಿದ ಕ್ರಾಂತಿಕಾರಿಗಳಿಗೆ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ, ಆದರೂ ಗುಂಡು ತಗುಲಿ ಪ್ರಯಾಣಿಕರೊಬ್ಬರು ಸತ್ತರು. ಇವೆರಡನ್ನೂ ಓದಿ ಪುಟ ತಿರುಗಿಸಿದ್ದೆ. ಡೆಸ್ಕಿನಲ್ಲಿ ಕೂತು "ಗುಡ್ಡ ಕುಸಿತ: ರೈಲು ಮೂರು ತಾಸು ತಡ" ಎಂದು ತಲೆಬರಹ ಕೊಡುವಾಗ ಕುಸಿತವನ್ನು ಮೊದಲು ಕಂಡವರು ಯಾರು ಎಂದು ಒಂದು ದಿನವೂ ಕೇಳಿದವಳಲ್ಲ ನಾನು.

ಬೆಂಗಳೂರಿಗೆ ಬಂದು ಎರಡೇ ಪುಟ ಬರೆದೆ. ಒಂದರಲ್ಲಿ ಘಾಟಿಯ ನಕ್ಷೆ: ಯಾರ್ಡು, ಸುರಂಗಗಳು, ಎಲ್ಲೆಲ್ಲಿ ವೈರ್‌ಲೆಸ್ ಸಿಗುವುದಿಲ್ಲ, ಸೈಡಿಂಗ್ ಎಲ್ಲಿ. ಇನ್ನೊಂದರಲ್ಲಿ ಆ ರಾತ್ರಿ ಹಳಿಯ ಮೇಲೆ ಇರುವ ಜನ, ಒಬ್ಬೊಬ್ಬರಿಗೂ ಒಂದೊಂದು ಸಾಲು. ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಇನ್ನೊಂದು ಆಟದಿಂದ ಗಡಿಯಾರದ ಉಪಾಯ ಎರವಲು ಪಡೆದೆ. ಕಾಗದದ ಮೇಲೆ ವೃತ್ತ ಬರೆದು ಎಂಟು ಭಾಗ ಮಾಡುವುದು, ಹೊತ್ತು ಕಳೆದಂತೆ ಒಂದೊಂದೇ ಭಾಗ ತುಂಬುವುದು. ಎಂಟೂ ತುಂಬಿದರೆ ಕಂಪನಿಗೆ ಸುದ್ದಿ ಹೋಯಿತು ಎಂದು ಅರ್ಥ. ನೀರು ಇಳಿಯುವುದಕ್ಕೆ ಇನ್ನೊಂದು ಗಡಿಯಾರ.

ಭಾನುವಾರ ಮೂವರೂ ಮುಕ್ಕಾಲು ತಾಸು ನಕ್ಷೆ ಮೇಲೇ ಬಗ್ಗಿದ್ದರು. ಯಾರ್ಡು ಬೇಡ ಎಂದು ಅವರೇ ನಿರ್ಧರಿಸಿದರು. ಸೈಡಿಂಗ್ ಕಂಡುಹಿಡಿದಾಗ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಸುರಂಗದ ಬಾಯಲ್ಲಿ ಅಡಗಿ, ಗಾಡಿ ನಿಂತ ಕೂಡಲೇ ಜಾಲಕ್ಕೆ ನುಗ್ಗಿ ಕವಲು ತಿರುಗದ ಹಾಗೆ ಮಾಡಿ, ಕೊನೆಯ ವ್ಯಾಗನ್ನಿಗೆ ಪೈಪು ಜೋಡಿಸಿದರು. ನೀರು ಇಳಿಯತೊಡಗಿತು. ಕಾವಲಿನ ಗಡಿಯಾರದಲ್ಲಿ ಐದು ಭಾಗ ತುಂಬಿತ್ತು.

"ಹಳಿ ಮೇಲೆ ಒಂದು ದೀಪ ಬರ್ತಾ ಇದೆ. ಒಬ್ಬಳು ಹೆಂಗಸು. ರೈನ್‌ಕೋಟು. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಸ್ತಕ" ಅಂದೆ.

ಬಂದೂಕುಗಾರನ ಪಾತ್ರದವನು ಆಗಲೇ ದಾಳ ಕೈಗೆ ತಗೊಂಡಿದ್ದ. "ಹಿಂದಿನಿಂದ ಹೋಗಿ ತಲೆಗೆ ಒಂದು ಬಿಡ್ತೀನಿ" ಅಂದ. ನಿಯಮದ ಪ್ರಕಾರ ಸುಲಭದ ಕೆಲಸ. ನಾನು ಬೇಡ ಎನ್ನುವ ಹಾಗಿಲ್ಲ, ಭಾಗವತರು ಅರ್ಥಧಾರಿಯ ಬಾಯಿ ಮುಚ್ಚುವ ಹಾಗಿಲ್ಲವಲ್ಲ. ಸುಮ್ಮನೆ ಕೂತೆ. ಎದೆ ಮಾತ್ರ ಢವಢವ ಎನ್ನುತ್ತಿತ್ತು.

"ಅವಳ ಕೈಲಿರೋದು ಏನು ಪುಸ್ತಕ?" ಎಂದು ಮೀಡಿಯಾ ಪಾತ್ರದವಳು ಕೇಳಿದಳು.

ಹೇಳಿದೆ. ಆಚೆ ಕಡೆಯಿಂದ ಬರುವವನಿಗೆ ಕೊಡಬೇಕು, ಅವನದ್ದು ಇವಳು ತಗೊಳ್ಳಬೇಕು. ಇವಳು ಬರದಿದ್ದರೆ ಅವನು ಹುಡುಕಿಕೊಂಡು ಬರುತ್ತಾನೆ.

ಯಾರೂ ಮಾತಾಡಲಿಲ್ಲ. ಅವನು ದಾಳವನ್ನು ಕೆಳಗಿಟ್ಟ. ಮೀಡಿಯಾದವಳು ಎದ್ದು ದೀಪದ ಕಡೆ ನಡೆದಳು. ಮಾತಾಡಿ ಒಪ್ಪಿಸಲು ಹದಿನೈದು ಬರಬೇಕಿತ್ತು, ಎಲ್ಲ ಕೂಡಿಸಿದರೂ ಹನ್ನೆರಡು ಬಂತು. ಗಸ್ತಿನವಳು ಒಪ್ಪಲಿಲ್ಲ. "ನೀವು ಹೇಳೋದು ನ್ಯಾಯಾನೇ ಇರಬಹುದು, ನನ್ನ ಡ್ಯೂಟಿ ನನಗೆ" ಎಂದು ಕೆಂಪು ದೀಪ ಎತ್ತಿದಳು. ಮೂವರೂ ಪೈಪು ಬಿಟ್ಟು ಕಾಡಿಗೆ ಓಡಿದರು. ತೊಟ್ಟಿಗೆ ಬಿದ್ದದ್ದು ಅರ್ಧ ವ್ಯಾಗನ್ನಿಗಿಂತ ಕಡಿಮೆ. ಆದರೂ ರಾತ್ರಿ ಒಂದು ಗಂಟೆವರೆಗೆ ಅದರದ್ದೇ ಮಾತು. ಅವಳನ್ನು ಹೊಡೆದಿದ್ದರೆ ಪೂರ್ತಿ ನೀರು ಸಿಗುತ್ತಿತ್ತಾ ಎಂದು ಅವನು ಕೇಳಿದ. ಸಿಗುತ್ತಿತ್ತು ಅಂದೆ. ಹೂಂ ಎಂದು ಸುಮ್ಮನಾದ.

ಬೆಳಿಗ್ಗೆ ಅಪ್ಪ ಫೋನ್ ಮಾಡಿದ. "ಏನಾಯ್ತವ್ವ ನಿನ್ನ ದರೋಡೆ?"

"ಅರ್ಧ ಆಯ್ತು. ಪೆಟ್ರೋಲ್‌ಮ್ಯಾನ್‌ಗೆ ಹೊಡೀಲಿಲ್ಲಪ್ಪ. ಅವಳೇ ದೀಪ ತೋರಿಸಿ ಓಡಿಸಿದ್ಲು."

"ಒಳ್ಳೇದಾಯ್ತು ಬಿಡು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಕಣವ್ವ, ಅಷ್ಟು ನೀರು ಹೋಯ್ತಲ್ಲ ಅವಳ ಬೀಟಲ್ಲಿ. ಬೆಳಿಗ್ಗೆ ಅವಳಿಗೆ ಮೆಮೊ ಬರಲಿಲ್ವಾ?" ಎಂದು ಕೇಳಿದ.

ನನ್ನ ಎರಡು ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮುಂದಿನ ಭಾನುವಾರದ ಆಟ ಆ ಮೆಮೊದಿಂದಲೇ ಶುರುವಾಗುತ್ತದೆ.