ಬಂದದ, ಬಂದ್ ಅದ

ಈ ಸಲದ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳೆಂದು ನೀವೂ ಏನಾದರೂ ಬರೆದುಕೊಡಿರಿ ಎಂದು ಗುರುಗಳು ಹೇಳಿ ಕಳಿಸಿದಾಗ ನಾವಿಬ್ಬರು ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಶಾಲೆ ಬಿಟ್ಟ ಮೇಲೆ ನಾವು ಕನ್ನಡದಲ್ಲಿ ಬರೆದದ್ದೆಂದರೆ ಮನೆಯ ಲಗ್ನಪತ್ರಿಕೆ ಮಾತ್ರ. ಕಥೆ ಕವನ ನಮಗೆ ಬಾರವು. ನಮಗೆ ಗೊತ್ತಿರುವುದು ಕರೆಂಟು ಒಂದೇ. ಆದುದರಿಂದ ಅದರ ವಿಷಯವಾಗಿಯೇ ನಾಲ್ಕು ಮಾತು ಬರೆಯುತ್ತೇವೆ. ಬಾಲಕ ಬಾಲಕಿಯರಿಗೂ ಅವರ ಪಾಲಕರಿಗೂ ಬೇಸರವಾಗಲಾರದೆಂದು ನಂಬಿದ್ದೇವೆ.

ನಮ್ಮ ಅಪ್ಪ ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಸಬ್‌ಸ್ಟೇಶನ್ನಿನಲ್ಲಿ ಆಪರೇಟರ್ ಆಗಿದ್ದರು. ೩೩,೦೦೦ ವೋಲ್ಟಿನ ವಿದ್ಯುತ್ತು ಅಲ್ಲಿಗೆ ಬಂದು, ಟ್ರಾನ್ಸ್‌ಫಾರ್ಮರಿನಲ್ಲಿ ೧೧,೦೦೦ಕ್ಕೆ ಇಳಿದು, ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿತ್ತು. ಅಪ್ಪ ತಾಸಿಗೊಮ್ಮೆ ಮೀಟರು ನೋಡಿ ದೊಡ್ಡ ಪುಸ್ತಕದಲ್ಲಿ ಬರೆಯುವರು, ಬರೆಯುವುದು ಮರಾಠಿಯಲ್ಲಿ. ಮೇಲಿನ ಸ್ಟೇಶನ್ನಿಗೆ ಫೋನಿನಲ್ಲಿ ಹೇಳುವುದು ಹಿಂದಿ ಬೆರೆತ ಮರಾಠಿಯಲ್ಲಿ. ಲೈನ್‌ಮನ್ನರೊಡನೆ ಮಾತ್ರ ನಮ್ಮ ಮನೆಯ ಕನ್ನಡ. ಗೋಡೆಯ ಮೇಲಿನ ಯಂತ್ರಗಳ ಮೇಲೆ ಬರೆದಿದ್ದುದೆಲ್ಲ ಇಂಗ್ಲಿಷ್. ನಾವು ಬುತ್ತಿ ಕೊಡಲು ಹೋದಾಗ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಒಳಗೆ ಬರಲು ಅಪ್ಪಣೆಯಿರಲಿಲ್ಲ.

೧೯೮೭ರ ಮಳೆಗಾಲದ ಮಾತು. ನಮ್ಮಲ್ಲಿ ಹಿರಿಯವನು ಎಂಟನೆಯ ಇಯತ್ತೆ, ಕಿರಿಯವನು ಆರನೆಯ ಇಯತ್ತೆ. ಮಧ್ಯಾಹ್ನ ಗಾಳಿ ಮಳೆ ಎದ್ದು ಮೇಲಿನಿಂದಲೇ ಸಪ್ಲೈ ಹೋಯಿತು. ನಾಲ್ಕು ಗಂಟೆಯ ಸುಮಾರಿಗೆ ಅದು ತಿರುಗಿ ಬಂದಿತು. ಅಪ್ಪ ಹಳ್ಳಿಗಳ ಲೈನುಗಳನ್ನು ಒಂದೊಂದಾಗಿ ಚಾಲೂ ಮಾಡಿದರು. ಅದೇ ಹೊತ್ತಿಗೆ ಫೋನು ಬಂದಿತು. ಒಂದು ಹಳ್ಳಿಯ ಹಾಲಿನ ಡೇರಿಯಿಂದ ಲೈನ್‌ಮನ್ ಕಾಕಾ ಮಾತಾಡುತ್ತಿದ್ದರು. ಊರ ಹೊರಗಿನ ಕಂಬದ ಮೇಲೆ ಜಂಪರ್ ಹರಿದಿದೆ, ಕಟ್ಟಬೇಕು.

“ಸಾಹೇಬ್ರ, ನಮ್ಮ ಲೈನ್ ಹ್ಯಾಂಗದರೀ?”

“ಈಗ ಬಂದದ ನೋಡಪಾ.”

ಅಪ್ಪ ಹೇಳಿದ್ದು, ವಿದ್ಯುತ್ತು ಬಂದಿದೆ ಎಂದು. ಕಾಕಾ ಕೇಳಿಸಿಕೊಂಡದ್ದು, ಬಂದ್ ಅದ, ಅಂದರೆ ನಿಂತಿದೆ ಎಂದು. ಓದುಗರೇ, ಎರಡನ್ನೂ ಒಮ್ಮೆ ಗಟ್ಟಿಯಾಗಿ ಅಂದು ನೋಡಿರಿ. ಮಳೆಯಲ್ಲಿ ಗರಗರ ಎನ್ನುವ ಫೋನಿನಲ್ಲಿ ಯಾವ ಕಿವಿ ತಾನೇ ಭೇದ ಮಾಡೀತು? ಮೇಲಾಗಿ ಡೇರಿಯ ಬಲ್ಬೂ ಉರಿಯುತ್ತಿರಲಿಲ್ಲ. ಹರಿದ ಜಂಪರಿನಿಂದ ಈಚೆಗೆ ಕರೆಂಟು ಬರುವ ದಾರಿಯೇ ಇರಲಿಲ್ಲವಷ್ಟೆ. ಬರವಣಿಗೆಯ ಪರ್ಮಿಟ್ ತೆಗೆದುಕೊಂಡೇ ಕಂಬ ಹತ್ತಬೇಕೆಂಬ ನಿಯಮ ಆಗಲೂ ಇತ್ತು. ಕತ್ತಲಾಗುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಇಬ್ಬರೂ ಅದನ್ನು ಮರೆತರು.

ಹತ್ತು ನಿಮಿಷಕ್ಕೆ ಸಬ್‌ಸ್ಟೇಶನ್ನಿನಲ್ಲಿ ಧಡ್ ಎಂದು ಬ್ರೇಕರ್ ಬಿದ್ದಿತು. ರಿಲೇಯ ಸಣ್ಣ ಕೆಂಪು ಫ್ಲ್ಯಾಗ್ ಕೆಳಗಿಳಿಯಿತು. ಆ ಕಾಲದ ರಿಲೇ ಹೇಳುತ್ತಿದ್ದುದು ಅಷ್ಟೇ: ‘ನಾನು ಬ್ರೇಕರ್ ಬೀಳಿಸಿದೆ’. ಎಲ್ಲಿ, ಏತಕ್ಕೆ ಎಂಬುದನ್ನು ಅದು ಹೇಳದು. ಲೈನು ಬಿದ್ದರೆ ಇನ್ನೊಂದು ಸಲ ಚಾಲೂ ಮಾಡಿ ನೋಡುವುದು ಆಗಿನ ರೂಢಿ. ಅಪ್ಪ ಹ್ಯಾಂಡಲಿಗೆ ಕೈ ಹಾಕಿದ್ದರಂತೆ. ಅಷ್ಟರಲ್ಲಿ ಫೋನಿನ ಮಾತು ನೆನಪಾಯಿತು. ಕೈ ತೆಗೆದರು.

ಮುಂದಿನ ಅರ್ಧ ತಾಸು ಅವರು ಆ ಕೋಣೆಯಲ್ಲಿ ಒಬ್ಬರೇ ಹೇಗೆ ಕಳೆದರೆಂಬುದನ್ನು ಇಂದಿಗೂ ನಮಗೆ ಹೇಳಿಲ್ಲ. ಕೊನೆಗೆ ಫೋನು ಬಂದಿತು. ಕಾಕಾ ಕಂಬ ಹತ್ತುವ ಮೊದಲು ತಂತಿಗಳಿಗೆ ಅರ್ತಿಂಗ್ ಸರಪಳಿ ಎಸೆಯುವ ಅಭ್ಯಾಸದವರು. ಲೈನು ಬಂದ್ ಇದ್ದರೂ ಎಸೆಯುವರು. ಸರಪಳಿ ತಾಗಿದ ಕೂಡಲೆ ಬೆಂಕಿ ಹಾರಿ ಬಲಗೈಯ ಚರ್ಮ ಸುಟ್ಟಿತು. ಜೀವ ಉಳಿಯಿತು. “ನೀವು ಬಂದ್ ಅದ ಅಂದ್ರಲ್ರೀ ಸಾಹೇಬ್ರ!” ಎಂದು ಅವರು ಅತ್ತರಂತೆ. ಅಂದಿನಿಂದ ಅಪ್ಪ ‘ಬಂದ್’ ಎಂಬ ಶಬ್ದವನ್ನೇ ಬಿಟ್ಟರು. ಮನೆಯಲ್ಲಿ ಕೂಡ “ದೀಪ ಆರಿಸು” ಎನ್ನುವರೇ ಹೊರತು “ಲೈಟ್ ಬಂದ್ ಮಾಡು” ಎನ್ನರು.

ಮುಂದೆ ನಾವಿಬ್ಬರೂ ಅದೇ ಕಸುಬಿಗೆ ಬಿದ್ದೆವು. ರಿಲೇಗಳನ್ನು ಪರೀಕ್ಷಿಸುವುದು, ಜೋಡಿಸುವುದು ನಮ್ಮ ಕೆಲಸ. ಅಷ್ಟರಲ್ಲಿ ರಿಲೇಗಳೊಳಗೆ ಕಂಪ್ಯೂಟರು ಸೇರಿಕೊಂಡಿತ್ತು. ಅವು ಮಾತಾಡಲು ಕಲಿತಿದ್ದವು, ಆದರೆ ಒಂದೊಂದು ಒಂದೊಂದು ಭಾಷೆ. ೧೯೭೯ರಲ್ಲಿ ಹುಟ್ಟಿದ ಮಾಡ್‌ಬಸ್ ಒಂದು, ಕೆನಡಾದಿಂದ ಬಂದ ಡಿಎನ್‌ಪಿ೩ ಇನ್ನೊಂದು, ಕಂಪನಿಗಳ ಸ್ವಂತ ಭಾಷೆಗಳು ಬೇರೆ. ಒಂದು ಸಬ್‌ಸ್ಟೇಶನ್ನಿನಲ್ಲಿ ಮೂರು ಕಂಪನಿಯ ಯಂತ್ರಗಳಿದ್ದರೆ ನಡುವೆ ದುಭಾಷಿ ಪೆಟ್ಟಿಗೆಗಳನ್ನಿಡಬೇಕು. ಸಾತಬಾರಾ ಉತಾರ ಓದಿಸಿಕೊಳ್ಳಲು ನಮ್ಮ ಅಜ್ಜ ಓದಲು ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಿದ್ದ ಹಾಗೆಯೇ ಇದು. ಓದುವವನು ಪ್ರಾಮಾಣಿಕನಾದರೂ ಒಮ್ಮೊಮ್ಮೆ ಕಣ್ಣು ತಪ್ಪುವುದುಂಟು.

ನಮ್ಮ ಕಣ್ಣೇ ಒಮ್ಮೆ ತಪ್ಪಿತು. ಆ ಹಳೆಯ ಭಾಷೆಗಳಲ್ಲಿ ವಸ್ತುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಒಂದು ಯಂತ್ರದ ೧೭ನೆಯ ನಂಬರು ಬ್ರೇಕರ್ ಆದರೆ ಇನ್ನೊಂದರ ೧೭ ಎಣ್ಣೆಯ ಉಷ್ಣತೆಯಾಗಿರಬಹುದು. ಯಾವ ನಂಬರು ಯಾವುದೆಂದು ನೂರಾರು ಸಾಲಿನ ಪಟ್ಟಿ ಮಾಡಿಕೊಳ್ಳಬೇಕು. ನಾವು ಮಾಡಿದ ಒಂದು ಪಟ್ಟಿಯಲ್ಲಿ ಎರಡು ಸಾಲು ಅದಲುಬದಲಾದವು. ಒಂದು ದಿನವಿಡೀ ಕಂಟ್ರೋಲ್ ರೂಮಿನ ಪರದೆಯು ಚಾಲೂ ಇದ್ದ ಲೈನನ್ನು ನಿಂತಿದೆ ಎಂದೂ, ನಿಂತದ್ದನ್ನು ಚಾಲೂ ಎಂದೂ ತೋರಿಸಿತು. ಹೊರಗೆ ಯಾರ್ಡಿನಲ್ಲಿ ನಡೆದುಹೋಗುತ್ತಿದ್ದ ಒಬ್ಬ ಹೆಲ್ಪರ್ ಹುಡುಗನು ಕಂಡು ಹೇಳಿದನೆಂದು ಬಚಾವಾದೆವು. ಅಪ್ಪನ ‘ಬಂದದ’ ನಮ್ಮ ಕೈಯಲ್ಲೇ ಮತ್ತೆ ಹುಟ್ಟಿತ್ತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಈ ಗೊಂದಲಕ್ಕೆ ಮದ್ದಾಗಿ ಬಂದದ್ದು ಐಇಸಿ ೬೧೮೫೦ ಎಂಬ ಮಾನದಂಡ. ೧೯೦೬ರಲ್ಲಿ ಸ್ಥಾಪನೆಯಾದ, ಈಗ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ೧೯೯೫ರಿಂದ ಇದಕ್ಕಾಗಿ ದುಡಿಯಿತು. ಅಮೆರಿಕದವರು ತಮ್ಮದೇ ಬೇರೆಯೊಂದನ್ನು ಮಾಡುತ್ತಿದ್ದರು. ಎರಡು ಬೇಡ, ಕೂಡಿ ಒಂದನ್ನೇ ಮಾಡೋಣವೆಂದು ಎರಡೂ ಕಡೆಯವರು ಒಪ್ಪಿದರು. ಜಗತ್ತಿನಲ್ಲಿ ಇಂಥ ಒಪ್ಪಿಗೆ ವಿರಳ. ೨೦೦೨ರಿಂದ ೨೦೦೫ರವರೆಗೆ ಅದರ ಭಾಗಗಳು ಅಚ್ಚಾಗಿ ಬಂದವು.

ಇದರಲ್ಲಿ ನಂಬರಿಲ್ಲ, ಹೆಸರಿದೆ. ಬ್ರೇಕರಿಗೆ ಎಕ್ಸ್‌ಸಿಬಿಆರ್, ಅಳತೆಗಳಿಗೆ ಎಂಎಂಎಕ್ಸ್‌ಯು, ಮಿತಿಮೀರಿದ ಕರೆಂಟನ್ನು ಕಾಯುವ ರಕ್ಷಕನಿಗೆ ಪಿಟಿಒಸಿ. ಜರ್ಮನಿಯ ಯಂತ್ರವಿರಲಿ, ಜಪಾನಿನದಿರಲಿ, ನಮ್ಮ ದೇಶದ್ದೇ ಇರಲಿ, ಬ್ರೇಕರ್ ಎಂದರೆ ಅದೇ ಹೆಸರು. ಅದರ ಸ್ಥಿತಿಯನ್ನು ಹೇಳುವಾಗ ನಾಲ್ಕೇ ಉತ್ತರ: ಆರಿದೆ, ಚಾಲೂ ಇದೆ, ನಡುವೆ ಇದೆ, ಏನೋ ಕೆಟ್ಟಿದೆ. ಇದಕ್ಕೆ ಒಂದರ ಬದಲು ಎರಡು ಅಂಕೆ ಬಳಸುತ್ತಾರೆ. ೦೧ ಎಂದರೆ ಆರಿದೆ, ೧೦ ಎಂದರೆ ಚಾಲೂ. ಒಂದೇ ಅಂಕೆಯಿದ್ದರೆ, ತಂತಿ ಹರಿದು ಸುದ್ದಿಯೇ ಬಾರದಿದ್ದಾಗ ಅದು ೦ ಎಂದು ಕಂಡು, ಲೈನು ಆರಿದೆಯೆಂದು ನಾವು ತಿಳಿದುಬಿಡುತ್ತೇವೆ. ಎರಡಿದ್ದರೆ ೦೦ ಎಂದು ಬರುವುದು. ಅದು ಹಾಗೆಯೇ ನಿಂತರೆ ಸಂಶಯ ಬರುವುದು. ಡೇರಿಯ ಬಲ್ಬು ಮೋಸ ಮಾಡಿದ್ದು ನೆನಪಿದೆಯಲ್ಲವೆ? ಅಂಥ ಮೋಸಕ್ಕೇ ಇದು ಕಾವಲು. ಇಷ್ಟೇ ಅಲ್ಲ. ಪ್ರತಿಯೊಂದು ಸುದ್ದಿಯ ಜೊತೆಗೆ ಇದನ್ನು ನಂಬಬಹುದೋ ಬಾರದೋ ಎಂಬ ಗುರುತೂ, ಯಾವ ಕ್ಷಣದ್ದು ಎಂಬ ವೇಳೆಯೂ ಇರುತ್ತವೆ. ಮನುಷ್ಯರು ಸುದ್ದಿ ಹೇಳುವಾಗ ಈ ಎರಡನ್ನು ಸೇರಿಸುವುದು ಅಪರೂಪ.

ಮೇಷ್ಟ್ರು ವಿಜ್ಞಾನದ ತಾಸಿನಲ್ಲಿ ಮಂಡಲ ಮುಚ್ಚಿದರೆ ವಿದ್ಯುತ್ತು ಹರಿಯುತ್ತದೆ, ತೆರೆದರೆ ನಿಲ್ಲುತ್ತದೆ ಎಂದು ಕಲಿಸುತ್ತಾರಲ್ಲ, ಮನೆಯ ನಳಕ್ಕೆ ಅದು ತಿರುವುಮುರುವು. ಹೊಸದಾಗಿ ಬಂದವರಿಗೆ ‘ಕ್ಲೋಸ್ ಮಾಡು’ ಎಂದರೆ ಆರಿಸಲು ಹೋಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇನ್ನು ವೇಗದ ಮಾತು. ಈ ಮಾನದಂಡದಲ್ಲಿ ಗೂಸ್ ಎಂಬ ಸಂದೇಶವಿದೆ. ಇಂಗ್ಲಿಷಿನಲ್ಲಿ ಅದು ಬಾತುಕೋಳಿಯ ಹೆಸರೆಂದು ನಗಬೇಡಿರಿ. ಉದ್ದನೆಯ ಹೆಸರಿನ ಮೊದಲಕ್ಷರಗಳು ಅವು. ಒಂದು ರಿಲೇ ಅಪಾಯ ಕಂಡರೆ ಉಳಿದವಕ್ಕೆಲ್ಲ ಏಕಕಾಲಕ್ಕೆ ಕೂಗಿ ಹೇಳುತ್ತದೆ. ಬ್ರೇಕರ್ ಬೀಳಿಸುವ ಸುದ್ದಿಯು ೩ ಮಿಲಿಸೆಕೆಂಡಿನೊಳಗೆ ಮುಟ್ಟಬೇಕೆಂದು ನಿಯಮ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹಿಂದುಮುಂದಾಗುತ್ತದೆ. ಒಂದು ಸಲಕ್ಕೆ ೨೦ ಮಿಲಿಸೆಕೆಂಡು. ಅದರ ಆರನೆಯ ಒಂದು ಪಾಲಿಗಿಂತಲೂ ಕಡಿಮೆ ಸಮಯ ಇದು. ಏನೂ ಆಗದಿರುವಾಗಲೂ ಆ ರಿಲೇ ಸುಮ್ಮನಿರುವುದಿಲ್ಲ, ‘ಇದ್ದೇನೆ, ಇದ್ದೇನೆ’ ಎನ್ನುತ್ತಲೇ ಇರುತ್ತದೆ. ದನಿ ನಿಂತರೆ ದಾರಿ ಕೆಟ್ಟಿತೆಂದು ಕೂಡಲೆ ಗೊತ್ತಾಗುವುದು. ಹಿಂದೆ ಯಾರ್ಡಿನಿಂದ ಕೋಣೆಯವರೆಗೆ ಕಾಲುವೆಯ ತುಂಬ ತಾಮ್ರದ ಕೇಬಲ್ಲುಗಳಿರುತ್ತಿದ್ದವು. ಯಾವುದನ್ನು ಇಲಿ ಕಡಿದಿದೆಯೆಂದು ತಿಳಿಯುವುದು ಅದು ಬೇಕಾದ ದಿನವೇ. ಈಗ ಅವುಗಳಲ್ಲಿ ಬಹಳಷ್ಟರ ಕೆಲಸವನ್ನು ಕೂದಲೆಳೆಯಂಥ ಕೆಲವೇ ಗಾಜಿನ ತಂತುಗಳು ಮಾಡುತ್ತವೆ. ಪಂಜಾಬದ ಮಲೇರ್‌ಕೋಟ್ಲಾದ ಹಳೆಯ ಸಬ್‌ಸ್ಟೇಶನ್ನನ್ನು ಪವರ್‌ಗ್ರಿಡ್ ಸಂಸ್ಥೆಯವರು ೨೦೨೦ರಲ್ಲಿ ಹೀಗೆ ಮಾರ್ಪಡಿಸಿದರು.

ಗಡಿಯಾರಗಳು ಕೂಡಿರಬೇಕಾದ ಅಗತ್ಯವನ್ನು ಎರಡು ಕತ್ತಲೆಗಳು ತಿಳಿಸಿಕೊಡುತ್ತವೆ. ೨೦೦೩ರ ಆಗಸ್ಟ್ ೧೪ರಂದು ಅಮೆರಿಕ-ಕೆನಡಾಗಳಲ್ಲಿ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ತು ಹೋಯಿತು. ಯಂತ್ರಗಳು ಬರೆದಿಟ್ಟ ವೇಳೆಗಳು ಒಂದಕ್ಕೊಂದು ಹೊಂದದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸುವುದೇ ತನಿಖೆಯವರಿಗೆ ದೊಡ್ಡ ತ್ರಾಸಾಯಿತು. ನಮ್ಮ ದೇಶದಲ್ಲಿ ೨೦೧೨ರ ಜುಲೈ ೩೦ ಹಾಗೂ ೩೧ರಂದು ಉತ್ತರ, ಪೂರ್ವ, ಈಶಾನ್ಯ ಭಾಗಗಳು ಕತ್ತಲಾದವು. ಬೀನಾ-ಗ್ವಾಲಿಯರ್ ಮಾರ್ಗದ ರಿಲೇಯು ಹೆಚ್ಚಿನ ಹೊರೆಯನ್ನೇ ದೋಷವೆಂದು ತಿಳಿದು ಲೈನನ್ನು ಕಡಿದದ್ದರಿಂದ ಆರಂಭವಾದುದು ಅದು. ನಾವು ಆಗ ಉಳಿದುಕೊಂಡೆವು. ಆದರೆ ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು-ಸೊಲ್ಲಾಪುರ ನಡುವಿನ ೭೬೫ ಕೆ.ವಿ. ಮಾರ್ಗ ಕೂಡಿಕೊಂಡು ದಕ್ಷಿಣದ ಜಾಲವೂ ಉಳಿದ ದೇಶದೊಡನೆ ಒಂದಾಯಿತು. ಆ ದೊಡ್ಡ ಗಂಟು ಬಿದ್ದದ್ದು ನಮ್ಮ ಜಿಲ್ಲೆಯಲ್ಲೆಂಬ ಹೆಮ್ಮೆ ನಮಗಿದೆ. ಇಷ್ಟು ದೊಡ್ಡ ಜಾಲದಲ್ಲಿ ಯಂತ್ರಗಳು ತಮ್ಮೊಳಗೆ ಸರಿಯಾಗಿ ಮಾತಾಡಿಕೊಳ್ಳದಿದ್ದರೆ ನಡೆಯದು.

ಎಲ್ಲವೂ ಸುಖವೆಂದು ನಾವು ಹೇಳಲಾರೆವು. ಒಂದೇ ಭಾಷೆಯೆಂದರೂ ಕಂಪನಿಗಳು ತಮ್ಮ ತಮ್ಮ ಉಚ್ಚಾರವನ್ನು ಬಿಟ್ಟಿಲ್ಲ. ಮಾನದಂಡದಲ್ಲಿ ಐಚ್ಛಿಕವಾಗಿ ಬಿಟ್ಟ ಜಾಗಗಳಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೊಂದದೆ ನಾವು ಎರಡೆರಡು ದಿನ ತಲೆ ಕೆಡಿಸಿಕೊಂಡಿದ್ದೇವೆ. ಊರಿಗೆಲ್ಲ ತಿಳಿಯುವ ಭಾಷೆ ಕಳ್ಳನಿಗೂ ತಿಳಿಯುತ್ತದೆ. ೨೦೧೬ರ ಡಿಸೆಂಬರಿನಲ್ಲಿ ಯುಕ್ರೇನಿನ ಕೀವ್ ಬಳಿಯ ಸಬ್‌ಸ್ಟೇಶನ್ನಿಗೆ ನುಗ್ಗಿದ ದುಷ್ಟ ತಂತ್ರಾಂಶವು ಇಂಥ ಹಲವು ಭಾಷೆಗಳನ್ನು ಬಲ್ಲದಾಗಿತ್ತು. ನಗರದ ಒಂದು ಭಾಗಕ್ಕೆ ಸುಮಾರು ಒಂದು ತಾಸು ವಿದ್ಯುತ್ತಿರಲಿಲ್ಲ. ಬೀಗಗಳನ್ನು ಗಟ್ಟಿ ಮಾಡುವ ಕೆಲಸ ಈಗಲೂ ನಡೆದಿದೆ.

ಹೋದ ವರ್ಷ ಅಪ್ಪನನ್ನು ಹೊಸ ಕಂಟ್ರೋಲ್ ರೂಮ್ ತೋರಿಸಲು ಕರೆದುಕೊಂಡು ಹೋದೆವು. ಪರದೆಯ ಮೇಲೆ ಬ್ರೇಕರುಗಳ ಚಿತ್ರ, ಹೆಸರು, ವೇಳೆ. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅಲ್ಲಿದ್ದ ತರುಣ ಇಂಜಿನಿಯರ್ ಎಲ್ಲವನ್ನೂ ಮರಾಠಿಯಲ್ಲಿ ವಿವರಿಸಿ ಹೇಳಿದ. ಎಲ್ಲ ಕೇಳಿಯಾದ ಮೇಲೆ ಅಪ್ಪ ನಮ್ಮ ಕಡೆ ತಿರುಗಿ ಕೇಳಿದರು: “ಕಂಬ ಹತ್ತವ್ರ ಕೈಯಾಗ ಸರಪಳಿ ಅದನೋ ಇಲ್ಲೋ?”

ಅದೆ ಎಂದೆವು. ನಂಬಿಕೆಯಾಗದೆ ಆ ತರುಣನನ್ನೂ ಕೇಳಿದರು. ಅವನು ಸ್ಟೋರಿನಿಂದ ಒಂದನ್ನು ತರಿಸಿ ಮೇಜಿನ ಮೇಲಿಟ್ಟನು. ಅಪ್ಪ ಅದರ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ, ಆಮೇಲೆ ಚಹ ಕುಡಿದರು.